ಅರಗಿನಲ್ಲಿ ಉಳಿದ ದನಿಗಳು



‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆ ನಮಗೆಲ್ಲ ಗೊತ್ತು. ಹಾಡಿಗೂ ಈ ಗಾದೆ ಸಲ್ಲುತ್ತದೆ. ಚಿತ್ರ ಬರೆದವನು ಹೋದರೂ ಚಿತ್ರ ಉಳಿಯುತ್ತದೆ. ದೇವಾಲಯ ಕಟ್ಟಿದವನು ಹೋದರೂ ಕಲ್ಲು ನಿಲ್ಲುತ್ತದೆ. ಹಾಡುವವರ ದನಿ ಮಾತ್ರ ಅವರ ಉಸಿರಿನ ಜೊತೆಗೇ ಹೊರಟುಹೋಗುತ್ತದೆ. ಸಾವಿರಾರು ವರ್ಷ ಮನುಷ್ಯರ ಅನುಭವ ಇದೇ ಆಗಿತ್ತು. 1877ರಲ್ಲಿ ಥಾಮಸ್ ಎಡಿಸನ್ ದನಿಯನ್ನು ಹಿಡಿದಿಡುವ ಯಂತ್ರ ಕಂಡುಹಿಡಿದ ಮೇಲೆ ಈ ಗಾದೆಗೆ ಒಂದು ಅಪವಾದ ಹುಟ್ಟಿಕೊಂಡಿತು.

ಕಳೆದ ಮಳೆಗಾಲದ ಒಂದು ಸಂಜೆ ಗಾಂಧಿ ಬಜಾರಿನ ಅಡ್ಡರಸ್ತೆಯೊಂದರ ಹಳೆಯ ಮನೆಗೆ ನಾವು ಹೋಗಬೇಕಾಯಿತು. ನಮ್ಮ ಶಾಲೆಯಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತರಾದ ಅಮ್ಮನವರೊಬ್ಬರು ಹೇಳಿ ಕಳುಹಿಸಿದ್ದರು. ಮುಖ್ಯರಸ್ತೆಯ ಹೂವಿನವರ ಕೂಗು ಅಲ್ಲಿಗೂ ಕೇಳಿಸುತ್ತಿತ್ತು. ನಡುಮನೆಯಲ್ಲಿ ಎರಡು ರಟ್ಟಿನ ಪೆಟ್ಟಿಗೆ ಇದ್ದವು. ಒಳಗೆ ನಮ್ಮ ಹಿರಿಯರು ‘ಪ್ಲೇಟು’ ಎಂದು ಕರೆಯುತ್ತಿದ್ದ ಗ್ರಾಮಫೋನ್ ತಟ್ಟೆಗಳು.

“ಇವೆಲ್ಲ ನಮ್ಮ ಯಜಮಾನರದ್ದು, ಫಾದರ್. ಹಳೇ ಸಾಮಾನಿನ ಅಂಗಡಿ ಅಂಗಡಿ ಸುತ್ತಿ ತಂದಿದ್ದು. ಇಂಗ್ಲಿಷ್ ಹಾಡು, ನನಗೆ ಒಂದೂ ಅರ್ಥ ಆಗಲ್ಲ. ಮುಂದಿನ ತಿಂಗಳು ಮನೆ ಖಾಲಿ ಮಾಡ್ಬೇಕು. ಗುಜರಿಯವನು ಕೆಜಿ ಲೆಕ್ಕದಲ್ಲಿ ತಗೋತೀನಿ ಅಂತಾನೆ. ನಿಮ್ಮ ಚರ್ಚಿಗೆ ಏನಾದ್ರೂ ಉಪಯೋಗಕ್ಕೆ ಬರುತ್ತಾ, ನೋಡಿ.”

ಬಗ್ಗಿ ನೋಡಿದೆವು. ಅವು ಇಂಗ್ಲಿಷ್ ಹಾಡುಗಳಲ್ಲ, ಇಟಲಿಯ ಒಪೆರಾ. ನೆಲ್ಲಿ ಮೆಲ್ಬಾ, ರೋಸಾ ಪೊನ್ಸೆಲ್, ರೆನಾಟಾ ತೆಬಾಲ್ದಿ, ಮರಿಯಾ ಕಲ್ಲಾಸ್. ಇಪ್ಪತ್ತನೆಯ ಶತಮಾನದ ದೊಡ್ಡ ದೊಡ್ಡ ಸೊಪ್ರಾನೊ ಗಾಯಕಿಯರೆಲ್ಲ ಆ ರಟ್ಟಿನ ಪೆಟ್ಟಿಗೆಯಲ್ಲಿ ಧೂಳು ಹಿಡಿದು ಕುಳಿತಿದ್ದರು.

ಉತ್ತರ ಕೊಡುವ ಮೊದಲು ನಮ್ಮದೇ ಒಂದು ಹಳೆಯ ತಪ್ಪು ನೆನಪಾಯಿತು. ವರ್ಷಗಳ ಹಿಂದೆ, ಬೇರೊಂದು ಧರ್ಮಕೇಂದ್ರಕ್ಕೆ ಹೊಸದಾಗಿ ಹೋದಾಗ, ಗುರುನಿವಾಸ ಶುಚಿ ಮಾಡುವ ಉತ್ಸಾಹದಲ್ಲಿ ಹಳೆಯ ಕ್ಯಾಸೆಟ್ಟುಗಳ ಡಬ್ಬವೊಂದನ್ನು ನಾವೇ ಗುಜರಿಗೆ ಹಾಕಿಸಿದೆವು. ಆರು ತಿಂಗಳ ಬಳಿಕ ಒಬ್ಬ ಹೆಣ್ಣುಮಗಳು ಬಂದಳು. ಅವಳ ತಾಯಿ ಹಲವು ವರ್ಷ ಅಲ್ಲಿನ ಗಾಯನವೃಂದದಲ್ಲಿ ಮೇಲುದನಿ ಹಾಡಿ ತೀರಿಕೊಂಡಿದ್ದರು. “ಕ್ರಿಸ್ತ ಜಯಂತಿಯಲ್ಲಿ ಅಮ್ಮ ಹಾಡಿದ್ದು ಕ್ಯಾಸೆಟ್ಟಿನಲ್ಲಿತ್ತು ಅಂತಾರೆ. ಇದೆಯಾ, ಸ್ವಾಮಿ?” ಎಂದು ಕೇಳಿದಳು. ಇಲ್ಲ ಎಂದೆವು. ಏಕೆ ಇಲ್ಲ ಎಂಬುದನ್ನು ಹೇಳುವ ಧೈರ್ಯ ನಮಗೆ ಬರಲಿಲ್ಲ. ಆದ್ದರಿಂದಲೇ ಈ ಬಾರಿ “ಅಮ್ಮ, ಗುಜರಿಯವನಿಗೆ ಒಂದು ವಾರ ತಡೆಯಲು ಹೇಳಿ” ಎಂದೆವು. ಆ ವಾರದಲ್ಲಿ ಓದಿ, ಕೇಳಿ ತಿಳಿದದ್ದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಒಪೆರಾ, ಸೊಪ್ರಾನೊ: ಹಾಗೆಂದರೇನು?

ಗುಬ್ಬಿ ವೀರಣ್ಣನವರಂಥ ಕಂಪನಿ ನಾಟಕಗಳ ಬಗ್ಗೆ ಕೇಳಿದವರಿಗೆ ಒಪೆರಾ ಕಷ್ಟವಲ್ಲ. ಕಂಪನಿ ನಾಟಕದಲ್ಲಿ ಮಾತಿನ ನಡುವೆ ಹಾಡು ಬರುತ್ತದೆ. ಒಪೆರಾದಲ್ಲಿ ಬಹುಮಟ್ಟಿಗೆ ಮಾತೆಲ್ಲವೂ ಹಾಡೇ. ಜಗಳ, ಪ್ರೇಮ, ಪತ್ರ ಓದುವುದು, ಪ್ರಾಣ ಬಿಡುವುದು, ಎಲ್ಲವೂ ಹಾಡಿನಲ್ಲೇ ನಡೆಯುತ್ತವೆ. ಹಾರ್ಮೋನಿಯಂ, ತಬಲಗಳ ಜಾಗದಲ್ಲಿ ಅರವತ್ತು ಎಪ್ಪತ್ತು ಮಂದಿ ವಾದ್ಯಗಾರರಿರುತ್ತಾರೆ. ಯಕ್ಷಗಾನದಲ್ಲಿ ಭಾಗವತರು ಹಾಡಿದರೆ ವೇಷಧಾರಿ ಕುಣಿಯುತ್ತಾನೆ. ಒಪೆರಾದಲ್ಲಿ ವೇಷ ಹಾಕಿದವರೇ ಹಾಡಬೇಕು. ಈ ಕಲೆ ಹುಟ್ಟಿದ್ದು 1600ರ ಆಸುಪಾಸಿನಲ್ಲಿ, ಇಟಲಿಯ ಫ್ಲಾರೆನ್ಸ್ ನಗರದಲ್ಲಿ.

ಹೆಣ್ಣು ದನಿಗಳಲ್ಲಿ ಅತಿ ಎತ್ತರದ್ದು ಸೊಪ್ರಾನೊ. ಹಾರ್ಮೋನಿಯಂನ ನಡುವಿನ ಸಿ ಮನೆಯಿಂದ ಎರಡು ಸ್ಥಾಯಿ ಮೇಲಿನ ಸಿ ಮನೆಯವರೆಗೆ ಅದರ ಸಂಚಾರ. ಆ ಮೇಲಿನ ಸ್ವರದಲ್ಲಿ ಗಂಟಲಿನ ತಂತುಗಳು ಸೆಕೆಂಡಿಗೆ ಸುಮಾರು 1,046 ಸಲ ಕಂಪಿಸುತ್ತವೆ. ಮಿಲಾನಿನ ಲಾ ಸ್ಕಾಲಾದಂಥ ರಂಗಮಂದಿರದಲ್ಲಿ ಸುಮಾರು ಎರಡು ಸಾವಿರ ಜನ ಕೂರುತ್ತಾರೆ. ಮೈಕ್ ಇಲ್ಲ. ಅಷ್ಟೂ ವಾದ್ಯಗಳನ್ನು ದಾಟಿ ಕೊನೆಯ ಸಾಲಿನವನಿಗೂ ದನಿ ತಲುಪಬೇಕು. ಕಿರುಚಿದರೆ ತಲುಪುವುದಿಲ್ಲ, ಗಂಟಲು ಕೆಡುತ್ತದೆ ಅಷ್ಟೇ. ಉಸಿರನ್ನು ಹೊಟ್ಟೆಯ ಬಲದಿಂದ ಹಿಡಿದು ಹದವಾಗಿ ಬಿಟ್ಟು, ಬಾಯಿ ಮತ್ತು ಗಂಟಲಿನ ಪೊಳ್ಳನ್ನೇ ತಂಬೂರಿಯ ಬುರುಡೆಯಂತೆ ಅನುರಣಿಸುವಂತೆ ಮಾಡಿಕೊಳ್ಳುವುದೇ ಅವರ ವರ್ಷಾನುಗಟ್ಟಲೆಯ ಸಾಧನೆ.

‘ಏನು ಹಾಡುತ್ತಾರೋ ಒಂದಕ್ಷರವೂ ತಿಳಿಯದು’ ಎಂಬುದು ಹಲವರ ದೂರು. ಇದಕ್ಕೊಂದು ಕಾರಣವಿದೆ. ‘ಅ’, ‘ಇ’, ‘ಉ’ಗಳನ್ನು ನಮ್ಮ ಕಿವಿ ಬೇರೆಬೇರೆಯಾಗಿ ಗುರುತಿಸುವುದು ಬಾಯಿಯ ಆಕಾರದಿಂದ ಹುಟ್ಟುವ ಅನುರಣನದಿಂದ. ಸ್ವರ ಸೆಕೆಂಡಿಗೆ ಸುಮಾರು 700 ಕಂಪನವನ್ನು ದಾಟಿದ ಮೇಲೆ ಗಾಯಕಿ ದನಿಗಾಗಿ ಬಾಯನ್ನು ಅಗಲ ತೆರೆಯಲೇಬೇಕು. ಆಗ ಎಲ್ಲ ಸ್ವರಾಕ್ಷರಗಳೂ ಹೆಚ್ಚು ಕಡಿಮೆ ಒಂದೇ ಆಗಿ ಕೇಳುತ್ತವೆ. ಇಟಲಿ ಭಾಷೆ ಬಲ್ಲವರಿಗೂ ಅಲ್ಲಿ ಪದ ತಪ್ಪಿಹೋಗುತ್ತದೆ. ಆದ್ದರಿಂದ ಭಾಷೆ ಬಾರದೆಂದು ನಾವು ಅಂಜಬೇಕಾಗಿಲ್ಲ. ಕಥೆ ತಿಳಿದಿದ್ದರೆ ಸಾಕು, ಉಳಿದದ್ದನ್ನು ದನಿಯೇ ಹೇಳುತ್ತದೆ.

ತುತ್ತೂರಿಯೊಳಗೆ ಹಾಡಿದ ಕಾಲ

1925ಕ್ಕೆ ಮೊದಲು ಧ್ವನಿಮುದ್ರಣಕ್ಕೆ ಮೈಕ್ ಇರಲಿಲ್ಲ. ಗೋಡೆಯಿಂದ ಹೊರಚಾಚಿದ ದೊಡ್ಡ ತುತ್ತೂರಿಯೊಳಗೆ ಗಾಯಕರು ಹಾಡುತ್ತಿದ್ದರು. ಆ ದನಿಯ ಒತ್ತಡಕ್ಕೆ ಸೂಜಿ ಅಲುಗಿ, ತಿರುಗುವ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತಿತ್ತು. ಒಂದು ಮಗ್ಗುಲಿಗೆ ಮೂರರಿಂದ ನಾಲ್ಕು ನಿಮಿಷ ಮಾತ್ರ. ಮೇಲಿನ ಸ್ವರ ಬಂದಾಗ ಸೂಜಿ ಎಗರದಂತೆ ಗಾಯಕಿ ಹಿಂದೆ ಸರಿಯಬೇಕು, ಕೆಳಗಿನ ಸ್ವರಕ್ಕೆ ಮುಂದೆ ಬಾಗಬೇಕು. ದನಿಯ ಮೈದುಂಬುವ ಮೇಲಿನ ಅನುಸ್ವರಗಳು ಆ ತುತ್ತೂರಿಗೆ ದಕ್ಕುತ್ತಲೇ ಇರಲಿಲ್ಲ. ಅದರಿಂದಲೇ ಕರೂಸೊ ಅವರಂಥ ಗಂಡು ದನಿಗಳು ಆ ತಟ್ಟೆಗಳಲ್ಲಿ ತುಂಬಿಕೊಂಡು ಕೇಳಿದರೆ, ಸೊಪ್ರಾನೊಗಳು ಕೊಳಲಿನಂತೆ ತೆಳ್ಳಗೆ ಕೇಳುತ್ತವೆ. ತಪ್ಪು ಗಾಯಕಿಯದಲ್ಲ, ಯಂತ್ರದ್ದು.

ಫ್ರೆಡ್ ಗೈಸ್‌ಬರ್ಗ್ ಎಂಬ ಮುದ್ರಣಕಾರನ 1902ರ ಒಂದು ವರ್ಷವನ್ನು ನೋಡೋಣ. ಏಪ್ರಿಲ್‌ನಲ್ಲಿ ಮಿಲಾನಿನ ಹೋಟೆಲ್ ಕೋಣೆಯಲ್ಲಿ ಆತ ಎನ್ರಿಕೊ ಕರೂಸೊ ಅವರ ಹತ್ತು ಹಾಡುಗಳನ್ನು ಮುದ್ರಿಸಿಕೊಂಡ. ಅದೇ ನವೆಂಬರ್‌ನಲ್ಲಿ ಹಡಗೇರಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ದನಿಯನ್ನು ಹಿಡಿದ. ಆ ಗೌಹರ್ ಜಾನ್ ಕೊನೆಗೆ ನಮ್ಮ ನಾಡಿಗೇ ಬಂದರು. 1928ರಲ್ಲಿ ಮೈಸೂರು ಅರಮನೆಯ ಗಾಯಕಿಯಾಗಿ ನೇಮಕಗೊಂಡು, 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು. ಮಿಲಾನಿನ ರಂಗಗೀತೆಯೂ ಕಲ್ಕತ್ತೆಯ ಠುಮ್ರಿಯೂ ಒಬ್ಬನದೇ ತುತ್ತೂರಿಯೊಳಗೆ ಹೊಕ್ಕು ಲೋಕ ಸುತ್ತಿದವು.

ಆ ತಟ್ಟೆಗಳು ಯಾವುದರಿಂದ ಆಗಿದ್ದವು, ಬಲ್ಲಿರಾ? ಕಲ್ಲಿನ ಪುಡಿ ಮತ್ತು ಕಾಡಿಗೆಯನ್ನು ಅರಗಿನಲ್ಲಿ ಕಲಸಿ, ಕಾಯಿಸಿ ಒತ್ತಿದ್ದು. ಅರಗು ಎಂದರೆ ಮುತ್ತುಗದಂಥ ಮರಗಳ ಮೇಲೆ ಪುಟ್ಟ ಕೀಟಗಳು ಸುರಿಸುವ ಅಂಟು. ಪಾಂಡವರನ್ನು ಸುಡಲು ಕೌರವರು ಕಟ್ಟಿಸಿದ ಮನೆ ಅದರದೇ. ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣ ಕೂರಿಸುವುದೂ ಅದರಿಂದಲೇ. ಲೋಕಕ್ಕೆ ಬೇಕಾದ ಅರಗಿನ ಬಹುಪಾಲು ಆಗ ಹೋಗುತ್ತಿದ್ದುದು ನಮ್ಮ ದೇಶದ ಕಾಡುಗಳಿಂದ. 1904ರಲ್ಲಿ ಲಂಡನ್ನಿನಲ್ಲಿ ಮೆಲ್ಬಾ ಅವರ ತಟ್ಟೆಯೊಂದಕ್ಕೆ ಒಂದು ಗಿನಿ, ಎಂದರೆ 21 ಷಿಲಿಂಗ್ ಬೆಲೆ. ಆ ದುಬಾರಿ ದನಿಯನ್ನು ಹೊತ್ತು ನಿಂತ ಅರಗನ್ನು ಮರದಿಂದ ಕೆರೆದು ತಂದ ಬಡವರ ಹೆಸರು ಯಾವ ತಟ್ಟೆಯ ಮೇಲೂ ಇಲ್ಲ.

1925ರಲ್ಲಿ ಮೈಕ್ ಬಂದ ಮೇಲೆ ಕೊಳಲು ಮತ್ತೆ ಕೊರಳಾಯಿತು. 1926ರ ಜೂನ್ 8ರಂದು ಲಂಡನ್ನಿನ ಕೊವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಮೆಲ್ಬಾ ಅವರ ವಿದಾಯದ ಕಾರ್ಯಕ್ರಮ ನಡೆಯಿತು. ಅವರಿಗೆ ಆಗ 65 ವರ್ಷ. ಅಂದು ಅವರು ಹಾಡಿದ್ದರ ಒಂದಷ್ಟು ಭಾಗ ಮೈಕಿನ ಮೂಲಕ ಮುದ್ರಣವಾಯಿತು. ವರ್ದಿಯ ‘ಒಥೆಲ್ಲೊ’ದಲ್ಲಿ ಸಾವನ್ನು ಎದುರು ನೋಡುವ ಹೆಂಡತಿ ಮರಿಯಮ್ಮನವರಿಗೆ ಸಲ್ಲಿಸುವ ಪ್ರಾರ್ಥನೆ ಅದರಲ್ಲಿದೆ. ಕೊನೆಗೆ ಅವರು ಗದ್ಗದ ಕಂಠದಲ್ಲಿ ಆಡಿದ ಮಾತೂ ಇದೆ. ಸಭಿಕರ ಚಪ್ಪಾಳೆಯೂ ಇದೆ. ಅಂದು ಚಪ್ಪಾಳೆ ತಟ್ಟಿದವರಾರೂ ಇಂದು ನಮ್ಮ ನಡುವೆ ಇಲ್ಲ.

ಮೈಸೂರಿನ ನಂಟು

ಆ ಪೆಟ್ಟಿಗೆಯಲ್ಲಿದ್ದ ಕಲ್ಲಾಸ್ ಅವರ ಎಲ್‌ಪಿ ತಟ್ಟೆಯೊಂದು ಪುಚ್ಚೀನಿಯ ನಾಯಕಿಯರ ಹಾಡುಗಳದು, 1954ರಲ್ಲಿ ಲಂಡನ್ನಿನಲ್ಲಿ ಮುದ್ರಿಸಿದ್ದು. ಹೊದಿಕೆಯ ಮೇಲೆ ವಾದ್ಯವೃಂದದ ಹೆಸರು ‘ಫಿಲ್ಹಾರ್ಮೋನಿಯಾ’ ಎಂದಿತ್ತು, ನಿರ್ದೇಶಕರು ಟುಲಿಯೊ ಸೆರಾಫಿನ್. ಈ ವಾದ್ಯವೃಂದದ ಜಾಡು ಹಿಡಿದು ಹೋದರೆ ನಾವು ಬಂದು ನಿಲ್ಲುವುದು ಮೈಸೂರಿನ ಅರಮನೆಯಲ್ಲಿ!

ಫಿಲ್ಹಾರ್ಮೋನಿಯಾವನ್ನು 1945ರಲ್ಲಿ ಕಟ್ಟಿದವರು ಇಎಂಐ ಸಂಸ್ಥೆಯ ವಾಲ್ಟರ್ ಲೆಗ್. ಮಹಾಯುದ್ಧ ಮುಗಿದ ಇಂಗ್ಲೆಂಡಿನಲ್ಲಿ ಹಣಕ್ಕೆ ಬರ. 1949ರಲ್ಲಿ ಲೆಗ್ ಮೈಸೂರಿಗೆ ಬಂದರು. ಜಯಚಾಮರಾಜೇಂದ್ರ ಒಡೆಯರ್ ಅವರಿಗೆ ಆಗ ಮೂವತ್ತೂ ತುಂಬಿರಲಿಲ್ಲ. ಪಿಯಾನೊ ಕಲಿತು ಪಾಶ್ಚಾತ್ಯ ಸಂಗೀತದಲ್ಲಿ ಲಂಡನ್ನಿನ ಮನ್ನಣೆ ಪಡೆದವರು ಅವರು. ಮುಂದೆ ‘ಶ್ರೀವಿದ್ಯಾ’ ಅಂಕಿತದಲ್ಲಿ ತೊಂಬತ್ತಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದವರೂ ಅವರೇ. ವಾದ್ಯವೃಂದ ನೆಲೆಯೂರಲು ಮೂರು ವರ್ಷ, ವರ್ಷಕ್ಕೆ ಹತ್ತು ಸಾವಿರ ಪೌಂಡ್ ನೆರವಿಗೆ ಮಹಾರಾಜರು ಒಪ್ಪಿದರೆಂದು ಲೆಗ್ ತಮ್ಮ ನೆನಪುಗಳಲ್ಲಿ ಹೇಳಿದ್ದಾರೆ. ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯದ ಮುದಿ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಮುದ್ರಣಕ್ಕೂ ಮಹಾರಾಜರೇ ಹಣ ಕೊಟ್ಟರು. ಆ ಕೃತಜ್ಞತೆಗೆ ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಚರ್ಟೊವನ್ನು ಅವರಿಗೆ ಅರ್ಪಿಸಿದರು. ಆ ಮಾಲೆಗಾಗಿ 1950ರಲ್ಲಿ ಮೆಟ್ನರ್ ಪಿಯಾನೊ ನುಡಿಸಲು, ಅವರ ಗೀತೆಗಳನ್ನು ಹಾಡಿದವರು ಸೊಪ್ರಾನೊ ಎಲಿಜಬೆತ್ ಶ್ವಾರ್ಜ್‌ಕಾಫ್.

ಇನ್ನೂ ದೊಡ್ಡ ಸಂಗತಿ ಅದೇ ವರ್ಷ ನಡೆಯಿತು. ಜರ್ಮನಿಯ ರಿಚರ್ಡ್ ಸ್ಟ್ರೌಸ್ ತಮ್ಮ 84ರ ವಯಸ್ಸಿನಲ್ಲಿ ಸೊಪ್ರಾನೊ ದನಿಗೆಂದು ನಾಲ್ಕು ಗೀತೆಗಳನ್ನು ರಚಿಸಿ, ಅವನ್ನು ಕೇಳುವ ಮೊದಲೇ 1949ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಿದ್ದರು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಅವನ್ನು ಮೊದಲ ಬಾರಿಗೆ ಹಾಡಿದರು. ವಾದ್ಯವೃಂದ ಅದೇ ಫಿಲ್ಹಾರ್ಮೋನಿಯಾ, ನಿರ್ದೇಶಕರು ಫುರ್ಟ್‌ವಾಂಗ್ಲರ್. ಆ ಕಛೇರಿಗೆ 4,800 ಡಾಲರ್‌ಗಳ ಖಾತರಿ ನಿಂತವರು ಮೈಸೂರಿನ ಮಹಾರಾಜರು. ಅವರಿಗೆ ಲಂಡನ್ನಿಗೆ ಹೋಗಲಾಗಲಿಲ್ಲ. ಕಛೇರಿಯನ್ನು ಮುದ್ರಿಸಿ ಮೈಸೂರಿಗೆ ಕಳುಹಿಸಬೇಕೆಂಬುದೇ ಅವರ ಅಪೇಕ್ಷೆ. ಆಗಲೇ ಅವರ ಸಂಗ್ರಹದಲ್ಲಿ ಸುಮಾರು ಇಪ್ಪತ್ತು ಸಾವಿರ ತಟ್ಟೆಗಳಿದ್ದವೆಂದು ಆಗಿನ ಪತ್ರಿಕಾ ವರದಿ ಹೇಳುತ್ತದೆ.

ಆ ಮುದ್ರಣ ಸವೆದಿದೆ, ತುಂಬ ಕರಕರ ಸದ್ದು. ಇತ್ತೀಚಿನ ವರ್ಷಗಳಲ್ಲಿ ತಜ್ಞರು ಕಂಪ್ಯೂಟರ್ ನೆರವಿನಿಂದ ಅದನ್ನು ಒಂದಿಷ್ಟು ತಿಳಿಗೊಳಿಸಿದ್ದಾರೆ. ಮಳೆಯ ಪರದೆಯ ಆಚೆ ಯಾರೋ ದೀಪ ಹಿಡಿದು ನಿಂತಂತೆ ಫ್ಲಾಗ್‌ಸ್ಟಾಡ್ ಅವರ ದನಿ ಕೇಳುತ್ತದೆ. ಸಾವಿರಾರು ಮೈಲಿ ದೂರದಲ್ಲಿ ಕೇಳುವ ಆಸೆ ಹೊತ್ತ ಒಬ್ಬರಿದ್ದರು, ಅದರಿಂದ ಆ ಸಂಜೆ ನಮಗೆ ಉಳಿಯಿತು. ಪಾಶ್ಚಾತ್ಯ ಸಂಗೀತದ ಪುಸ್ತಕಗಳಲ್ಲಿ ಮೈಸೂರಿನ ಹೆಸರು ಕಾಣುತ್ತದೆ. ನಮ್ಮ ಶಾಲೆಯ ಮಕ್ಕಳಿಗೆ ಮಾತ್ರ ಇದು ಗೊತ್ತಿಲ್ಲ. ಹಿತ್ತಲ ಗಿಡ ಮದ್ದಲ್ಲ!

ರಂಗದ ಮೇಲಿನ ಪ್ರಾರ್ಥನೆ

ಇಟಲಿಯ ಒಪೆರಾಗಳಲ್ಲಿ ಸೊಪ್ರಾನೊಗೆ ಮೀಸಲಾದ ಅತ್ಯುತ್ತಮ ಹಾಡುಗಳಲ್ಲಿ ಹಲವು ಪ್ರಾರ್ಥನೆಗಳೇ. ವರ್ದಿಯ ‘ಲಾ ಫೋರ್ಜಾ ದೆಲ್ ದೆಸ್ತೀನೊ’ದಲ್ಲಿ ಮಠದ ಬಾಗಿಲಲ್ಲಿ ಆಶ್ರಯ ಬೇಡಿದ ಹೆಣ್ಣು ಸನ್ಯಾಸಿಗಳೊಡನೆ ಕನ್ಯಾಮರಿಯಮ್ಮನವರ ಕಾವಲನ್ನು ಬೇಡುತ್ತಾಳೆ. 1928ರಲ್ಲಿ ಪೊನ್ಸೆಲ್ ಇದನ್ನು ಹಾಡಿದ ಮುದ್ರಣವನ್ನು ಕೇಳಿದರೆ, ಅಷ್ಟು ದೊಡ್ಡ ದನಿ ಅಷ್ಟು ಮೆಲ್ಲಗೆ ಹೇಗೆ ಹಾಡಬಲ್ಲುದೆಂದು ಬೆರಗಾಗುತ್ತದೆ. ಪುಚ್ಚೀನಿಯ ‘ತೋಸ್ಕಾ’ದ ಮೊದಲ ಅಂಕ ನಡೆಯುವುದೇ ರೋಮಿನ ಸಂತ ಅಂದ್ರೆಯರ ದೇವಾಲಯದಲ್ಲಿ. ಅಂಕದ ಕೊನೆಗೆ ಬರುವ ‘ತೆ ದೇಯುಂ’ ಸ್ತುತಿ ರೋಮಿನಲ್ಲಿ ಹೇಗೆ ಹಾಡುತ್ತಾರೋ ಹಾಗೆಯೇ ಇರಬೇಕೆಂದು ಪುಚ್ಚೀನಿ ಪಾನಿಕೆಲ್ಲಿ ಎಂಬ ಗುರುಗಳನ್ನು ಕೇಳಿ ತಿಳಿದುಕೊಂಡರು. 1953ರ ಆಗಸ್ಟ್‌ನಲ್ಲಿ ಲಾ ಸ್ಕಾಲಾದಲ್ಲಿ ಲೆಗ್ ಮುದ್ರಿಸಿದ ಕಲ್ಲಾಸ್ ಅವರ ‘ತೋಸ್ಕಾ’ ಇಂದಿಗೂ ಮೇಲ್ಪಂಕ್ತಿ. ಒಂದೇ ಸಾಲಿಗಾಗಿ ಅವರು ಬಹಳ ಹೊತ್ತು ಮತ್ತೆ ಮತ್ತೆ ಹಾಡಿದರಂತೆ. ತೆಬಾಲ್ದಿ ಅವರದು ರೇಷ್ಮೆಯ ದನಿ. ಕಲ್ಲಾಸ್ ಅವರದು ಒಮ್ಮೊಮ್ಮೆ ಗೀರುವ ದನಿ, ಆದರೆ ಪ್ರತಿ ಪದಕ್ಕೂ ಜೀವ. ಯಾರು ಮೇಲೆಂದು ಅಭಿಮಾನಿಗಳು ಜಗಳಾಡಿದರು. ನಾವು ಇಬ್ಬರನ್ನೂ ಕೇಳೋಣ.

ಇಲ್ಲಿ ನಮ್ಮ ಮನೆಯ ಮಾತನ್ನೂ ಒಪ್ಪಿಕೊಳ್ಳಬೇಕು. ಪೊನ್ಸೆಲ್ ಆ ಪ್ರಾರ್ಥನೆ ಹಾಡಿದ ಕಾಲಕ್ಕೆ ಪೂಜಾವಿಧಿಯ ಗಾಯನವೃಂದದಲ್ಲಿ ಹೆಣ್ಣಿಗೆ ಜಾಗವಿರಲಿಲ್ಲ. 1903ರ ನವೆಂಬರ್ 22ರಂದು, ಸಂಗೀತದ ಪಾಲಕಿ ಸಂತ ಸಿಸಿಲಿಯಾ ಅವರ ಹಬ್ಬದಂದೇ, ಪೋಪ್ ಹತ್ತನೆಯ ಪಿಯುಸ್ ಹೊರಡಿಸಿದ ಆಜ್ಞೆ ಮೇಲುದನಿಗೆ ಬಾಲಕರೇ ಇರಲೆಂದಿತು. ಮುಂದಿನ ದಶಕಗಳಲ್ಲಿ ಆ ಕಟ್ಟುಪಾಡು ಸಡಿಲಿತು. ಇಂದು ನಮ್ಮ ಗಾಯನವೃಂದಗಳು ನಿಂತಿರುವುದೇ ಹೆಣ್ಣುಮಕ್ಕಳ ದನಿಯ ಮೇಲೆ. ಆದರೂ ಅವರ ದನಿಯನ್ನು ಕಾಪಾಡಿಡುವುದರಲ್ಲಿ ನಾವೆಷ್ಟು ಎಚ್ಚರ ವಹಿಸಿದ್ದೇವೆ? ಆ ಕ್ಯಾಸೆಟ್ ಡಬ್ಬದ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ.

ಅಟ್ಟ ಖಾಲಿ ಮಾಡುವ ಮುನ್ನ

ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಪೆಟ್ಟಿಗೆ ಇರಬಹುದು. ಕೆಲವು ಮಾತು ನೆನಪಿಡಿ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ. ಬಿಸಿಲಿಗೆ ಇಡಬೇಡಿ. ಅರಗಿನ ತಟ್ಟೆ ಕೈಜಾರಿದರೆ ಹಪ್ಪಳದಂತೆ ಒಡೆಯುತ್ತದೆ. ಅದನ್ನು ಸ್ಪಿರಿಟ್ಟಿನಿಂದ ಒರೆಸಲೇಬಾರದು, ಅರಗು ಕರಗುತ್ತದೆ. ತುಸು ಒದ್ದೆ ಮಾಡಿದ ಮೆತ್ತನೆಯ ಬಟ್ಟೆ ಸಾಕು. 78ರ ತಟ್ಟೆಗೆ ಎಲ್‌ಪಿಯ ಸೂಜಿ ಇಡಬಾರದು, ಅದರ ಗೆರೆ ಅಗಲ. ಹಳೆಯ ತಟ್ಟೆಗಳೆಲ್ಲ ಸರಿಯಾಗಿ 78 ಸುತ್ತಿನಲ್ಲೇ ಮುದ್ರಣವಾದವಲ್ಲ. ನಿಮಿಷಕ್ಕೆ ನಾಲ್ಕು ಸುತ್ತು ಹೆಚ್ಚಾದರೆ ಶ್ರುತಿ ಹೆಚ್ಚುಕಡಿಮೆ ಒಂದು ಸ್ವರಸ್ಥಾನ ಏರಿ, ದನಿಯೇ ಬೇರೆಯವರದಾಗುತ್ತದೆ. ನಮ್ಮ ದೇಶದ ಹಳೆಯ ತಟ್ಟೆಗಳಾದರೆ, ಬೆಂಗಳೂರಿನವರೇ ಆದ ವಿಕ್ರಂ ಸಂಪತ್ ಸ್ಥಾಪಿಸಿದ ‘ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್’ನಂಥ ಸಂಗ್ರಹಗಳು ಅವನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಮಾಡಿವೆ.

ವಾರ ಕಳೆದು ನಮ್ಮ ಗಾಯನವೃಂದದ ಯುವಕನೊಬ್ಬನ ಪ್ಲೇಯರ್ ಹೊತ್ತುಕೊಂಡು ಆ ಮನೆಗೆ ಮತ್ತೆ ಹೋದೆವು. ಕಲ್ಲಾಸ್ ಅವರ ತಟ್ಟೆ ಹಾಕಿದೆವು. ಅಮ್ಮ ಬಾಗಿಲ ಬಳಿ ನಿಂತೇ ಕೇಳಿದರು. ಸ್ವಲ್ಪ ಹೊತ್ತಿನ ಮೇಲೆ ಹೇಳಿದರು: “ಭಾನುವಾರ ಮಧ್ಯಾಹ್ನ ಇದೇ ಬರ್ತಿತ್ತು, ಫಾದರ್. ನಾನು ಅಡುಗೆಮನೆಯಿಂದ ‘ಬಾಗಿಲು ಹಾಕ್ಕೊಳ್ರೀ’ ಅಂತಿದ್ದೆ. ನಲವತ್ತು ವರ್ಷ ಅವರು ಬಾಗಿಲು ಹಾಕ್ಕೊಂಡೇ ಕೇಳಿದ್ರು.”

ಯಾರೂ ಮಾತಾಡಲಿಲ್ಲ. ಸೂಜಿ ಕೊನೆಯ ಗೆರೆಗೆ ಬಂತು. ಅಮ್ಮ ಬಂದು ಕುರ್ಚಿಯಲ್ಲಿ ಕುಳಿತು “ಆ ಕಡೆ ಮಗ್ಗುಲೂ ಹಾಕಿ” ಎಂದರು.

ನಾಲ್ಕು ತಟ್ಟೆ ಅವರೊಡನೆ ಹೊಸ ಮನೆಗೆ ಹೋದವು. ಉಳಿದವು ಆ ಯುವಕನ ಬಳಿ ಸುರಕ್ಷಿತವಾಗಿವೆ. ಅವನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸುತ್ತಿದ್ದಾನೆ. ನಮ್ಮ ಹಳೆಯ ತಪ್ಪು ಇದರಿಂದ ತಿದ್ದಿಹೋಗದು. ಆ ತಾಯಿಯ ಕ್ರಿಸ್ತ ಜಯಂತಿಯ ಹಾಡು ಇನ್ನು ಸಿಗದು. ಆದರೆ ಪ್ರಿಯರೇ, ನಿಮ್ಮ ಮನೆಯಲ್ಲಿ ಹಾಡುವ ಅಜ್ಜಿಯಿದ್ದರೆ, ಜೋಗುಳವೋ ಸೋಬಾನೆಯೋ ದೇವರ ಕೀರ್ತನೆಯೋ ಬಲ್ಲ ತಾಯಿಯಿದ್ದರೆ, ಇಂದೇ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಮೈಸೂರಿನ ಮಹಾರಾಜರಿಗೆ 4,800 ಡಾಲರ್ ಬೇಕಾಯಿತು. ನಮಗೆ ಜೇಬಿನ ಫೋನ್ ಸಾಕು. ಹಾಡಿದವರ ಹೆಸರನ್ನೂ ಹಾಡಿದ ದಿನವನ್ನೂ ಹೇಳಿಸಿ ಮುದ್ರಿಸಿಕೊಳ್ಳಿ. ಮುದ್ರಿಸಿ ಮುಚ್ಚಿಡಬೇಡಿ, ಬಾಗಿಲು ತೆರೆದಿಟ್ಟು ಮನೆಮಂದಿಯೆಲ್ಲ ಕೂಡಿ ಕೇಳಿ.